ಅದೇ ನಾಲ್ಕು ಸ್ವರ, ಮತ್ತೆ

ಮೂರು ವರ್ಷದ ಹಿಂದಿನ ಒಂದು ರೆಕಾರ್ಡಿಂಗ್ ನನ್ನ ಫೋನಿನಲ್ಲಿ ಇನ್ನೂ ಇದೆ. ಅಳಿಸಿ ಹಾಕೋಣ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ, ಕೈ ಬಂದಿಲ್ಲ. ಜಾಸ್‌ನ ಎಫ್ ಬ್ಲೂಸ್, ಅಂದರೆ ಎಫ್ ಸ್ವರವನ್ನು ಆಧಾರವಾಗಿಟ್ಟುಕೊಂಡ ಬ್ಲೂಸ್, ನಿಮಿಷಕ್ಕೆ ಸುಮಾರು 120 ಬೀಟ್ ವೇಗ. ಪಿಯಾನೊ, ಡ್ರಮ್ಸ್, ಮತ್ತೆ ಡಬಲ್ ಬೇಸ್ (ತಗ್ಗು ದನಿಯ ದೊಡ್ಡ ತಂತಿವಾದ್ಯ) ಹಿಡಿದ ನಾನು. ಅಭ್ಯಾಸಕ್ಕೆ ಸೇರಿದ್ದೆವು, ಫೋನನ್ನು ನೆಲದ ಮೇಲೆ ಡ್ರಮ್ಮರ್‌ನ ಕಾಲ ಹತ್ತಿರ ಇಟ್ಟು ಮರೆತುಬಿಟ್ಟಿದ್ದೆವು. ಆವತ್ತು ನುಡಿಸುವಾಗ ನನಗೆ ನನ್ನ ಬಗ್ಗೆ ಭಾರೀ ಖುಷಿ. ಒಂದು ಕೋರಸ್‌ನಲ್ಲಿ, ಅಂದರೆ ಹಾಡಿನ ಒಂದು ಸುತ್ತಿನಲ್ಲಿ, ನುಡಿಸಿದ್ದನ್ನು ಇನ್ನೊಂದರಲ್ಲಿ ನುಡಿಸಲಿಲ್ಲ. ಮೇಲೆ ಹೋದೆ, ಕೆಳಗೆ ಬಂದೆ, ಯಾವ ಕಾರ್ಡ್‌ಗೆ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿಗೆ) ಯಾವ ಸ್ಕೇಲ್ (ಸ್ವರಶ್ರೇಣಿ) ಅಂತ ಕಲಿತಿದ್ದೆನೋ ಎಲ್ಲವನ್ನೂ ಸುರಿದೆ. ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಒಂದೂ ಸ್ವರ ತಪ್ಪಿಲ್ಲ. ಆದರೆ ಬ್ಲೂಸ್ ಮುಂದಕ್ಕೆ ಹೋಗ್ತಾನೇ ಇಲ್ಲ. ಯಾರೋ ಕತ್ತಲೆ ಕೋಣೆಯಲ್ಲಿ ಚಪ್ಪಲಿ ಹುಡುಕುತ್ತಾ ತಡಕಾಡಿದ ಹಾಗಿತ್ತು.

(ಇಯರ್‌ಫೋನ್ ಅಂದದ್ದಕ್ಕೆ ಕಾರಣ ಇದೆ. ಬೇಸ್‌ನ ಅತಿ ಕೆಳಗಿನ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ತಗ್ಗಿನ ದನಿ ಹೊರಡಿಸುವ ಶಕ್ತಿ ಇಲ್ಲ. ಸ್ಪೀಕರ್‌ನಲ್ಲೇ ಕೇಳಿದ್ದರೆ ನನ್ನ ಅರ್ಧ ತಪ್ಪು ಮಾಯ. ಸುಮಾರು ದಿನ ನಾನು ಹಾಗೇ ಕೇಳಿಕೊಂಡು ಸಂತೋಷವಾಗಿದ್ದೆ.)

ಆವತ್ತು ನಾನು ನುಡಿಸಿದ್ದು ವಾಕಿಂಗ್ ಬೇಸ್. ಅಂದರೆ ಒಂದು ಬಾರ್‌ಗೆ, ನಾಲ್ಕು ಬೀಟಿನ ಒಂದು ಆವರ್ತಕ್ಕೆ, ನಾಲ್ಕು ಸ್ವರ, ಬೀಟಿಗೆ ಒಂದು, ಅಷ್ಟೇ. ಕೇಳೋಕೆ ಎಷ್ಟು ಸುಲಭ ಅಲ್ವಾ. ನಮ್ಮ ಭಾಷೆಯಲ್ಲಿ ನಡೆ ಅನ್ನುವ ಒಂದೇ ಪದ ಕಾಲಿನ ನಡಿಗೆಗೂ ಆಗುತ್ತದೆ, ತಾಳದ ಗತಿಗೂ ಆಗುತ್ತದೆ. ನನ್ನ ರೆಕಾರ್ಡಿಂಗ್‌ನಲ್ಲಿ ಸ್ವರಗಳಿದ್ದವು, ನಡೆ ಇರಲಿಲ್ಲ. ಯಾಕಿರಲಿಲ್ಲ ಅನ್ನುವುದು ಗೊತ್ತಾಗೋಕೆ ನನಗೆ ಹೆಚ್ಚುಕಡಿಮೆ ಎರಡು ವರ್ಷ ಬೇಕಾಯಿತು.

480 ಸಲ ಜಾಣತನ

ಲೆಕ್ಕ ಹಾಕಿ ನೋಡಿ. ಬ್ಲೂಸ್ ಅಂದರೆ 12 ಬಾರ್. ಒಂದು ಕೋರಸ್‌ಗೆ 48 ಸ್ವರ. ಸೋಲೊ ನುಡಿಸುವವರು ಹುಮ್ಮಸ್ಸಿನಲ್ಲಿದ್ದು ಹತ್ತು ಕೋರಸ್ ಎಳೆದರೆ 480. ಇಷ್ಟು ಹೊತ್ತೂ ಬೇಸ್ ನಿಲ್ಲುವ ಹಾಗಿಲ್ಲ. ಉಸಿರು ತಗೊಳ್ಳೋಕೆ ಸ್ಯಾಕ್ಸೊಫೋನ್‌ನವರು ನಿಲ್ಲುತ್ತಾರೆ, ಪಿಯಾನೊದವರು ಬೇಕಾದಾಗ ಕೈ ಎತ್ತುತ್ತಾರೆ, ನಮಗೆ ಆ ಭಾಗ್ಯ ಇಲ್ಲ. ನನ್ನ ತಲೆಯಲ್ಲಿ ಏನು ಕೂತಿತ್ತು ಅಂದರೆ, ಈ 480 ಸ್ವರಗಳಲ್ಲಿ ಒಂದು ಸಾಲು ಎರಡನೇ ಸಲ ಬಂದರೆ ನನ್ನ ಬಂಡವಾಳ ಬಯಲಾಗುತ್ತದೆ. ಇವನಿಗೆ ಇಷ್ಟೇ ಬರೋದು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಹಾಗಾಗಿ ಪ್ರತಿ ಬಾರಿನಲ್ಲೂ ಹೊಸದನ್ನು ಹುಡುಕುತ್ತಿದ್ದೆ. ಅಭ್ಯಾಸ ಮಾಡುತ್ತಿದ್ದದ್ದೂ ಹಾಗೆಯೇ. ಎಫ್ 7 ಕಾರ್ಡ್‌ಗೆ ಇಪ್ಪತ್ತು ಬಗೆಯ ಸಾಲು ಬರೆದುಕೊಂಡು ಒಂದಾದ ಮೇಲೊಂದು ಬಾಯಿಪಾಠ.

ಆ ರೆಕಾರ್ಡಿಂಗ್ ಆದ ವಾರ ಡ್ರಮ್ಮರ್ ಒಂದು ಮಾತು ಹೇಳಿದ. ನನ್ನ ಹಳೇ ಗೆಳೆಯ, ಮುಲಾಜಿಲ್ಲ. ಎರಡನೇ ಕೋರಸ್ ಮಧ್ಯದಲ್ಲೇ ಕಡ್ಡಿ ಕೆಳಗಿಟ್ಟು, "ಲೋ, ಒಂದನ್ನ ಎಲ್ಲಿ ಬಚ್ಚಿಟ್ಟಿದ್ದೀಯೋ?" ಅಂದ. ಒಂದು ಅಂದರೆ ಬಾರಿನ ಮೊದಲ ಬೀಟ್. ನನಗೆ ಸಿಟ್ಟು ಬಂತು. ಒಂದರ ಮೇಲೆ ನಾನು ಸರಿಯಾಗೇ ನುಡಿಸಿದ್ದೆ, ಕಾರ್ಡ್‌ನ ಮೂರನೆಯದೋ ಐದನೆಯದೋ ಸ್ವರ ಹಾಕಿದ್ದೆ, ಅದರಲ್ಲೇನು ತಪ್ಪು ಅಂತ ವಾದ ಮಾಡಿದೆ. ಅವನು ವಾದಕ್ಕೆ ಬರಲಿಲ್ಲ. "ಇರಬಹುದು ಮಾರಾಯ. ನನಗೆ ಕೇಳಿಸ್ತಿಲ್ಲ, ಅಷ್ಟೇ."

ಮೂಲೆಯಲ್ಲಿ ಪಿಯಾನೊ ಮುಂದೆ ಕೂತಿದ್ದವರು ನಮಗಿಂತ ಇಪ್ಪತ್ತು ವರ್ಷ ಹಿರಿಯರು, ನಾವಿಬ್ಬರೂ ಸರ್ ಅಂತಲೇ ಕರೆಯುತ್ತೇವೆ. ಅವರು ಸುಮ್ನೆ ಕೇಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಬೇಸ್ ಪಕ್ಕಕ್ಕಿಡಿ. ಈಗ ನುಡಿಸಿದ್ರಲ್ಲ, ಅದನ್ನ ಹಾಡಿ" ಅಂದರು. ಹಾಡೋಕೆ ಬಾಯಿ ತೆರೆದೆ. ಮೊದಲ ಎರಡು ಬಾರ್ ಹೇಗೋ ಬಂತು. ಮೂರನೆಯದರಲ್ಲಿ ನಿಂತುಬಿಟ್ಟೆ. ಏನು ನುಡಿಸಿದ್ದೆ ಅಂತಲೇ ನೆನಪಿಲ್ಲ. ಸರಿ, ಬರೀ ರೂಟ್, ಅಂದರೆ ಪ್ರತಿ ಕಾರ್ಡ್‌ನ ಮೂಲ ಸ್ವರ, ಹಾಡಿ ಅಂದರು. ಎಫ್, ಬಿ ಫ್ಲ್ಯಾಟ್ (ಬಿಗಿಂತ ಅರ್ಧ ಸ್ವರ ಕೆಳಗಿನದು), ಎಫ್, ಎಫ್. ಹನ್ನೆರಡೂ ಬಾರ್ ತಡೆಯಿಲ್ಲದೆ ಬಂತು. ಅವರು ನಕ್ಕು, "ನಿಮಗೇ ಹಾಡೋಕೆ ಬರದ್ದನ್ನ ನಮಗ್ಯಾಕೆ ಕೇಳಿಸ್ತೀರಿ?" ಅಂದರು. ಅವಮಾನ ಆಗಲಿಲ್ಲ ಅಂದರೆ ಸುಳ್ಳು. ಆವತ್ತು ಉಳಿದ ಅಷ್ಟೂ ಹೊತ್ತು ನನ್ನಿಂದ ಬರೀ ರೂಟ್ ನುಡಿಸಿದರು. ಬಾರಿಗೆ ನಾಲ್ಕು ಸಲ ಅದೇ ಸ್ವರ. ಎಫ್ ಎಫ್ ಎಫ್ ಎಫ್. ಹತ್ತು ನಿಮಿಷ ಕಳೆದ ಮೇಲೆ ಡ್ರಮ್ಮರ್‌ನ ರೈಡ್ ಸಿಂಬಲ್ (ತಾಳ ಓಡಿಸುವ ದೊಡ್ಡ ಲೋಹದ ತಟ್ಟೆ) ಕೊಂಚ ಬದಲಾಯಿತು. ಸಡಿಲವಾಯಿತು ಅನ್ನಲೇ? ಏನೋ ಒಂದು ಆಯಿತು, ನಮ್ಮ ಮೂವರಿಗೂ ಗೊತ್ತಾಯಿತು. ನನಗಂತೂ ಅದು ಇಷ್ಟವೇ ಆಗಲಿಲ್ಲ. ಇಷ್ಟು ವರ್ಷ ಕಲಿತದ್ದು ಇದಕ್ಕಾ ಅನ್ನಿಸಿತು.

ನಾಲ್ಕನೇ ಬೀಟ್

ಮನೆಗೆ ಬಂದು ಯೋಚನೆ ಮಾಡಿದೆ. ಬರೀ ರೂಟ್ ನುಡಿಸಿದರೆ ಬ್ಲೂಸ್ ಮುಂದೆ ಹೋಗುತ್ತದೆ, ನನ್ನ ಇಪ್ಪತ್ತು ಸಾಲು ನುಡಿಸಿದರೆ ಹೋಗಲ್ಲ. ಹಾಗಾದರೆ ರೂಟ್‌ಗೆ ಎಷ್ಟು ಸೇರಿಸಿದರೆ ಅದು ನಡೆಯುವುದನ್ನು ನಿಲ್ಲಿಸುತ್ತದೆ? ಒಂದೊಂದೇ ಸೇರಿಸಿ ನೋಡೋಣ ಅಂತ ಹೊರಟೆ. ಮೊದಲು ನಾಲ್ಕನೇ ಬೀಟ್ ಒಂದನ್ನೇ ಬದಲಾಯಿಸಿದೆ. ಎಫ್ ಎಫ್ ಎಫ್, ಆಮೇಲೆ ಬಿ. ಮುಂದಿನ ಬಾರ್ ಬಿ ಫ್ಲ್ಯಾಟ್. ಬಿ ಅನ್ನುವುದು ಎಫ್ 7 ಕಾರ್ಡ್‌ನಲ್ಲಿ ಇಲ್ಲವೇ ಇಲ್ಲ. ಒಂದನೇ ಬೀಟ್ ಮೇಲೆ ಹಾಕಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ನಾಲ್ಕರ ಮೇಲೆ ಹಾಕಿ ಬಿ ಫ್ಲ್ಯಾಟ್‌ಗೆ ಜಾರಿದರೆ ಬಾಗಿಲು ತೆರೆದು ಒಳಗೆ ಕರೆದ ಹಾಗಿರುತ್ತದೆ. ಅರ್ಧ ಸ್ವರ ಅಷ್ಟೇ, ಬೇಸ್ ಗಿಟಾರ್ ಆಗಿದ್ದರೆ ಒಂದೇ ಒಂದು ಫ್ರೆಟ್ ದೂರ.

ಅಪ್ರೋಚ್ ನೋಟ್ ಅಂತಾರೆ ಇದಕ್ಕೆ. ಮೊದಲ ತಿಂಗಳಲ್ಲೇ ಎಲ್ಲರೂ ಕಲಿಯುವ ವಿಷಯ, ನಾನೂ ಕಲಿತಿದ್ದೆ. ಆದರೆ ಅದನ್ನು ಅಲಂಕಾರ ಅಂದುಕೊಂಡಿದ್ದೆ. ಬಾರನ್ನು ಯಾವಾಗಲೂ ಒಂದರಿಂದ ಯೋಚಿಸುತ್ತಿದ್ದೆ. ಈ ಕಾರ್ಡ್ ಬಂತು, ಇದರಲ್ಲಿ ಏನೇನಿದೆ, ಅದರಲ್ಲಿ ನಾಲ್ಕು ಆರಿಸು. ನಾಲ್ಕು ಮುಗಿಯುವಷ್ಟರಲ್ಲಿ ಮುಂದಿನ ಕಾರ್ಡ್ ಎದುರಿಗೆ ಬಂದು ನಿಂತಿರುತ್ತಿತ್ತು, ಮತ್ತೆ ಗಾಬರಿ. ಈಗ ಉಲ್ಟಾ ಮಾಡಿದೆ. ಮುಂದಿನ ಬಾರಿನ ಒಂದು ಎಲ್ಲಿದೆ, ಅದಕ್ಕೆ ಮೇಲಿಂದ ಬರ್ತೀನಾ ಕೆಳಗಿನಿಂದ ಬರ್ತೀನಾ, ಇಷ್ಟು ನಿರ್ಧಾರ ಆದರೆ ನಾಲ್ಕನೆಯದು ಸಿಕ್ಕಿತು. ಒಂದನೆಯದು ರೂಟ್. ಉಳಿದದ್ದು ಎರಡು ಮತ್ತು ಮೂರು. ಅವಕ್ಕೆ ಕಾರ್ಡ್‌ನ ಸ್ವರ ಹಾಕಿದರೂ ನಡೆಯುತ್ತದೆ, ಸ್ಕೇಲ್‌ನಲ್ಲಿ ಹತ್ತಿದರೂ ನಡೆಯುತ್ತದೆ, ರೂಟನ್ನೇ ಇನ್ನೊಂದು ಸಲ ಬಡಿದರೂ ಯಾರೂ ಕೇಳಲ್ಲ.

ಹೀಗೆ ಬ್ಲೂಸ್‌ನ ಮೊದಲ ಎರಡು ಬಾರ್‌ಗೆ ನನಗೆ ಒಂದು ಸಾಲು ಕೂಡಿಬಂತು. ಎಫ್ ಎ ಸಿ ಬಿ, ಬಿ ಫ್ಲ್ಯಾಟ್ ಎ ಫ್ಲ್ಯಾಟ್ ಜಿ ಜಿ ಫ್ಲ್ಯಾಟ್, ಮತ್ತೆ ಎಫ್. ಬಾಯಲ್ಲಿ ಹಾಡಿ ನೋಡಿ. ಸಿ ತನಕ ಹತ್ತಿ, ಅಲ್ಲಿಂದ ಹೆಚ್ಚುಕಡಿಮೆ ನೇರ ಇಳಿಜಾರು, ಹೊರಟ ಜಾಗಕ್ಕೇ ವಾಪಸ್. ಇದರಲ್ಲಿ ಹೊಸದೇನೂ ಇಲ್ಲ, ಸಾವಿರಾರು ಜನ ನುಡಿಸಿದ ಸಾಲು. ಆದರೆ ಇದನ್ನು ನಾನು ಹಾಡಬಲ್ಲೆ.

ಟೂ-ಫೈವ್-ವನ್ ಅನ್ನುವ, ಜಾಸ್‌ನಲ್ಲಿ ಮತ್ತೆ ಮತ್ತೆ ಬರುವ ಮೂರು ಕಾರ್ಡ್‌ಗಳ ಸಾಲು ಕೂಡ ಹೀಗೇ. ಡಿ ಮೈನರ್ 7, ಜಿ 7, ಸಿ. ಡಿ ಎಫ್ ಎ ಎ ಫ್ಲ್ಯಾಟ್, ಜಿ ಎಫ್ ಡಿ ಬಿ, ಸಿ. ಎ ಫ್ಲ್ಯಾಟ್ ಒಂದು ಬಿಟ್ಟರೆ ಎಲ್ಲವೂ ಆಯಾ ಕಾರ್ಡ್‌ನ ಸ್ವರಗಳೇ. ಡಿ ಮತ್ತು ಜಿ ಎರಡೂ ಖಾಲಿ ತಂತಿಯಲ್ಲೇ ಸಿಗುವುದರಿಂದ ಎಡಗೈಗೆ ಹೋಗಿ ಬರೋಕೆ ಸಮಯ ಸಿಗುತ್ತದೆ, ಡಬಲ್ ಬೇಸ್‌ನಲ್ಲಿ ಇದು ಸಣ್ಣ ವಿಷಯ ಅಲ್ಲ. ಇನ್ನೊಂದು ದಾರಿ ಡಿ ಇ ಎಫ್ ಎಫ್ ಶಾರ್ಪ್ (ಎಫ್‌ಗಿಂತ ಅರ್ಧ ಸ್ವರ ಮೇಲಿನದು), ಆಮೇಲೆ ಜಿ. ಡಿ ಮೈನರ್ ಕಾರ್ಡ್ ಮೇಲೆ ಎಫ್ ಶಾರ್ಪ್ ಅಂದರೆ ಕಾಗದದ ಮೇಲೆ ಶುದ್ಧ ತಪ್ಪು. ಪಿಯಾನೊದವರು ಎಫ್ ಹಿಡಿದುಕೊಂಡು ಕೂತಿರುತ್ತಾರೆ, ನಾನು ಅದರ ಪಕ್ಕದ್ದನ್ನು ಬಡಿಯುತ್ತೇನೆ. ಕಿವಿಗೆ ಒಂಚೂರೂ ಚುಚ್ಚಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಕೇಳುವವರ ಕಿವಿ ಜಿ ಹತ್ತಿರ ಹೋಗಿ ಕಾಯುತ್ತಿರುತ್ತದೆ.

ಎರಡು ಬೀಟಿಗೊಮ್ಮೆ ಕಾರ್ಡ್ ಬದಲಾದರೆ ಎರಡು ಮತ್ತು ಮೂರು ಅನ್ನುವ ವಿರಾಮ ಕೂಡ ಇರಲ್ಲ. ರಿದಮ್ ಚೇಂಜಸ್ ಅನ್ನುವ ಜಾಸ್‌ನ ಹಳೇ ಕಾರ್ಡ್ ಸಾಲು ಹಾಗೆ. ಬಿ ಫ್ಲ್ಯಾಟ್, ಜಿ 7, ಸಿ ಮೈನರ್, ಎಫ್ 7, ಎರಡೆರಡು ಬೀಟ್. ಇಲ್ಲಿ ನನ್ನನ್ನು ಕಾಪಾಡಿದ್ದು ಒಂದು ಸೋಮಾರಿ ಉಪಾಯ. ಪ್ರತಿ ರೂಟ್‌ಗೂ ಅರ್ಧ ಸ್ವರ ಮೇಲಿಂದ ಬಂದುಬಿಡುವುದು. ಬಿ ಫ್ಲ್ಯಾಟ್ ಎ ಫ್ಲ್ಯಾಟ್, ಜಿ ಡಿ ಫ್ಲ್ಯಾಟ್, ಸಿ ಜಿ ಫ್ಲ್ಯಾಟ್, ಎಫ್ ಇ ಫ್ಲ್ಯಾಟ್, ಡಿ. ಯೋಚನೆಯೇ ಬೇಡ. ಒಂದು ಮತ್ತು ಮೂರರ ಮೇಲೆ ರೂಟ್, ಎರಡು ಮತ್ತು ನಾಲ್ಕರ ಮೇಲೆ ಮುಂದಿನ ರೂಟ್‌ನ ಮೇಲ್ಮನೆಯವನು. ಹಾಡಿನುದ್ದಕ್ಕೂ ಇದನ್ನೇ ನುಡಿಸಿದರೆ ಏನಾಗುತ್ತದೆ ಅಂತ ಒಮ್ಮೆ ಬೇಕೆಂದೇ ಮಾಡಿ ನೋಡಿದೆ. ಏನೂ ಆಗಲಿಲ್ಲ. ಯಾರೂ ಗಮನಿಸಲೇ ಇಲ್ಲ. ಸೋಲೊ ಚೆನ್ನಾಗಿ ಬಂತು ಅಂತ ಸರ್ ಖುಷಿಯಾಗಿದ್ದರು.

ಎತ್ತಿದ ಬೆರಳು

ಆದರೂ ಏನೋ ಕೊರತೆ. ಸ್ವರಗಳು ಸರಿಹೋದವು, ಸಾಲುಗಳು ಹಾಡೋಕೆ ಬರುವಂತಾದವು, ರೆಕಾರ್ಡಿಂಗ್ ಕೇಳಿದರೆ ಇನ್ನೂ ಕುಂಟುತ್ತಿತ್ತು. ಇಯರ್‌ಫೋನ್‌ನಲ್ಲಿ ಎಷ್ಟೋ ಸಲ ಕೇಳಿದ ಮೇಲೆ ಗೊತ್ತಾಯಿತು, ತೊಂದರೆ ಇರುವುದು ಸ್ವರಗಳಲ್ಲಲ್ಲ, ಸ್ವರಗಳ ನಡುವೆ. ಟಪ್, ಮೌನ, ಟಪ್, ಮೌನ. ಪ್ರತಿ ಸ್ವರವೂ ತನ್ನ ಬೀಟ್ ಪೂರ್ತಿ ಬದುಕುವ ಮೊದಲೇ ಸಾಯುತ್ತಿತ್ತು.

ಕನ್ನಡಿ ಮುಂದೆ ನಿಂತು ಎಡಗೈ ನೋಡಿಕೊಂಡೆ. ಸ್ವರ ಮೀಟಿದ ತಕ್ಷಣ ಬೆರಳು ತಂತಿಯಿಂದ ಎದ್ದು ಮುಂದಿನ ಜಾಗಕ್ಕೆ ಹೊರಟುಬಿಡುತ್ತಿತ್ತು. 120ರ ವೇಗದಲ್ಲಿ ಒಂದು ಬೀಟ್ ಅಂದರೆ ಅರ್ಧ ಸೆಕೆಂಡ್. ಅದರಲ್ಲಿ ಅರ್ಧದಷ್ಟು ಹೊತ್ತು ನನ್ನ ಬೆರಳು ಗಾಳಿಯಲ್ಲಿರುತ್ತಿತ್ತು. ಡಬಲ್ ಬೇಸ್‌ನಲ್ಲಿ ತಂತಿ ದಪ್ಪ, ಎತ್ತರದಲ್ಲಿರುತ್ತದೆ, ಒತ್ತಿ ಹಿಡಿಯೋಕೆ ಕಷ್ಟ ಅನ್ನುವುದು ನಿಜ. ಕೆಳಗಿನ ಜಾಗಗಳಲ್ಲಿ ಉಂಗುರದ ಬೆರಳು ಒಂಟಿಯಾಗಿ ಕೆಲಸ ಮಾಡಲ್ಲ, ಕಿರುಬೆರಳಿನ ಜೊತೆ ಸೇರಿಯೇ ಒತ್ತಬೇಕು. ಆದರೆ ನನ್ನ ಬೆರಳು ಎದ್ದದ್ದು ನೋವಿಗಲ್ಲ. ಅವಸರಕ್ಕೆ. ಈಗಿನ ಸ್ವರದ ಮೇಲೆ ನನಗೆ ಆಸಕ್ತಿಯೇ ಇರಲಿಲ್ಲ, ಮುಂದಿನದು ಎಷ್ಟು ಚೆನ್ನಾಗಿರುತ್ತದೆ ನೋಡಿ ಅಂತ ತೋರಿಸುವ ಆತುರ. ಅದೇ ಹಳೇ ಭಯ, ಈ ಸಲ ಕೈಯಲ್ಲಿ ಬಂದು ಕೂತಿತ್ತು.

ಇದಕ್ಕೆ ಮದ್ದು ಬಹಳ ಬೇಜಾರಿನದು. ಮೆಟ್ರೊನೋಮನ್ನು (ಬೀಟ್ ಬಡಿಯುವ ಯಂತ್ರ) ನಿಮಿಷಕ್ಕೆ 40ಕ್ಕೆ ಇಟ್ಟು ಅದು ಬಡಿದದ್ದನ್ನು ಎರಡು ಮತ್ತು ನಾಲ್ಕು ಅಂದುಕೊಂಡರೆ 80ರ ವೇಗ ಆಗುತ್ತದೆ. ಡ್ರಮ್ಸ್‌ನ ಹೈ-ಹ್ಯಾಟ್ (ಕಾಲಲ್ಲಿ ಬಡಿಯುವ ಜೋಡಿ ತಟ್ಟೆ) ಬೀಳುವುದೂ ಎರಡು ನಾಲ್ಕರ ಮೇಲೆಯೇ ಅಲ್ವಾ. ಒಂದು ಮತ್ತು ಮೂರನ್ನು ನಾನೇ ನನ್ನೊಳಗಿನಿಂದ ತರಬೇಕು, ಕೈ ಹಿಡಿಯುವವರು ಯಾರೂ ಇಲ್ಲ. ಆ ವೇಗದಲ್ಲಿ ಒಂದು ಸ್ವರ ಮುಕ್ಕಾಲು ಸೆಕೆಂಡ್ ಉಳಿಯಬೇಕು, ಮುಂದಿನದು ಹುಟ್ಟುವ ಕ್ಷಣದ ತನಕ ಬೆರಳು ಏಳಬಾರದು. ಮೊದಲ ದಿನ ಎರಡು ಕೋರಸ್‌ಗೆ ಬೆವರಿದೆ. ಬಲಗೈಯಲ್ಲೂ ಬದಲಾವಣೆ ಬೇಕಾಯಿತು. ಬೆರಳ ತುದಿಯಿಂದ ಚಿವುಟುವುದನ್ನು ಬಿಟ್ಟು ತೋರುಬೆರಳಿನ ಪಕ್ಕವನ್ನು ಉದ್ದಕ್ಕೆ ತಂತಿಗೆ ತಾಗಿಸಿ, ತೋಳಿನ ಭಾರದಿಂದ ಎಳೆಯುವುದು. ಬೊಬ್ಬೆ ಎದ್ದಿತು, ಒಡೆಯಿತು, ಗಟ್ಟಿಯಾಯಿತು. ದನಿ ಮಾತ್ರ ಮೊದಲಿಗಿಂತ ದಪ್ಪಗಾಗಿ ಉದ್ದಕ್ಕೆ ಬರತೊಡಗಿತು.

ದೊಡ್ಡವರ ಪುನರಾವರ್ತನೆ

ಇದರ ನಡುವೆ ಜಾಸ್ ಬೇಸ್ ವಾದಕ ಪಾಲ್ ಚೇಂಬರ್ಸ್ ನುಡಿಸಿದ್ದನ್ನು ಬರೆದುಕೊಳ್ಳೋಕೆ ಶುರು ಮಾಡಿದೆ. 1959ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡ ರೆಕಾರ್ಡ್ ಮಾಡಿದ ಒಂದು ಬಿ ಫ್ಲ್ಯಾಟ್ ಬ್ಲೂಸ್. ಆಗ ಚೇಂಬರ್ಸ್‌ಗೆ 23 ವರ್ಷ. ನಿಜ ಹೇಳಬೇಕೆಂದರೆ ನಾನು ಹೊರಟದ್ದು ಕಳ್ಳತನಕ್ಕೆ, ಅಲ್ಲಿ ಇನ್ನೂರು ಹೊಸ ಸಾಲು ಸಿಗುತ್ತವೆ ಅಂತ. ನಾಲ್ಕು ಕೋರಸ್ ಬರೆದು ಸಾಲಾಗಿ ಒಂದರ ಕೆಳಗೊಂದು ಇಟ್ಟು ನೋಡಿದೆ. ಅದೇ ಆಕಾರಗಳು ಮತ್ತೆ ಮತ್ತೆ ಬರುತ್ತಿವೆ. ಮೇಲೆ ಹತ್ತುವ ಒಂದು ಸಾಲು, ಕೆಳಗಿಳಿಯುವ ಒಂದು ಸಾಲು, ಒಂದೇ ಸ್ವರವನ್ನು ಎರಡು ಸಲ ಬಡಿಯುವುದು. ನಾನು ಯಾವುದನ್ನು ಕಂಡರೆ ನಾಚಿಕೊಳ್ಳುತ್ತಿದ್ದೆನೋ ಅದೇ. ಆದರೂ ಕೇಳುತ್ತಿದ್ದರೆ ಮೈ ಜುಮ್ ಅನ್ನುತ್ತದೆ. ಪ್ರತಿ ಸ್ವರವೂ ತುಂಬಿಕೊಂಡು ಬರುತ್ತದೆ, ಬೀಟಿನ ಮುಂಚೂಣಿಯಲ್ಲಿ ಕೂತು ಎಳೆಯುತ್ತದೆ.

ಆಮೇಲೆ ಹಿಂದಕ್ಕೆ ಹೋದೆ. ಕೌಂಟ್ ಬೇಸಿ ತಂಡದ ಬೇಸ್ ವಾದಕ ವಾಲ್ಟರ್ ಪೇಜ್. ಬೇಸ್ ಬಾರಿಗೆ ಎರಡೇ ಸಲ ಬಡಿಯುವುದು ಸಾಮಾನ್ಯವಾಗಿದ್ದ ಕಾಲದಿಂದ, ನಾಲ್ಕೂ ಬೀಟ್ ಸಮವಾಗಿ ನಡೆಯುವ ಕಾಲಕ್ಕೆ ಜಾಸ್ ಹೊರಳಿಕೊಂಡದ್ದರಲ್ಲಿ ಪೇಜ್ ಹೆಸರು ದೊಡ್ಡದು. ಅದೇ ತಂಡದಲ್ಲಿ ಪಕ್ಕದಲ್ಲಿ ಕೂತಿದ್ದವರು ಗಿಟಾರಿನ ಫ್ರೆಡ್ಡಿ ಗ್ರೀನ್. 1937ರಲ್ಲಿ ಸೇರಿದವರು 1987ರಲ್ಲಿ ಸಾಯುವ ತನಕ ಹೆಚ್ಚುಕಡಿಮೆ ಒಂದೇ ಕೆಲಸ ಮಾಡಿದರು, ಬಾರಿಗೆ ನಾಲ್ಕು ಸಲ ಕಾರ್ಡ್ ಮೀಟುವುದು. ಐವತ್ತು ವರ್ಷ! ಸೋಲೊ ನುಡಿಸಿದ್ದು ಅಪರೂಪಕ್ಕೆ. ಅವರಿಗೆ ಬೇಜಾರಾಗಲಿಲ್ವಾ ಅಂತ ನಾನು ತುಂಬಾ ದಿನ ತಲೆ ಕೆಡಿಸಿಕೊಂಡಿದ್ದೆ. ರಾನ್ ಕಾರ್ಟರ್ ಅವರದು ಇನ್ನೊಂದು ಕಥೆ. 2,221 ರೆಕಾರ್ಡಿಂಗ್‌ಗಳಲ್ಲಿ ಬೇಸ್ ನುಡಿಸಿದ್ದಕ್ಕೆ ಗಿನ್ನೆಸ್ ದಾಖಲೆ ಬಂತು. ಅಷ್ಟು ರೆಕಾರ್ಡಿಂಗ್‌ಗಳಲ್ಲಿ ಎಷ್ಟು ಸಲ ಟೂ-ಫೈವ್-ವನ್ ಬಂದಿರಬಹುದು ಅಂತ ಲೆಕ್ಕ ಹಾಕೋಕೆ ಹೋಗಿ ಕೈಬಿಟ್ಟೆ.

ಅದಕ್ಕೆಂದು ಎಲ್ಲರೂ ರೂಟ್ ಬಡಿಯುತ್ತಾ ಕೂತಿರಬೇಕು ಅಂತ ನಾನು ಹೇಳುತ್ತಿಲ್ಲ. 1939ರಲ್ಲಿ ಡ್ಯೂಕ್ ಎಲಿಂಗ್ಟನ್ ತಂಡಕ್ಕೆ ಬಂದ ಜಿಮ್ಮಿ ಬ್ಲಾಂಟನ್ ಬೇಸ್‌ನಲ್ಲಿ ಏನೆಲ್ಲ ಮಾಡಬಹುದು ಅಂತ ತೋರಿಸಿ, 1942ರಲ್ಲಿ ಕ್ಷಯದಿಂದ ತೀರಿಕೊಂಡರು. ಅವರಿಗೂ ಆಗ 23. ಆದರೆ ಬ್ಲಾಂಟನ್ ಹಾಗೆ ಹಾರುವ ಮೊದಲು ನಿಲ್ಲೋಕೆ ಕಲಿತಿದ್ದರು. ನಾನು ನೇರ ಹಾರೋಕೆ ಹೋಗಿದ್ದೆ.

ಸಾಲಾಗಿ ಮೂರು

ಇಷ್ಟೆಲ್ಲ ಗೊತ್ತಾದ ಮೇಲೂ ಒಂದು ಸಲ ಭರ್ಜರಿಯಾಗಿ ಬಿದ್ದೆ. ಜನರ ಮುಂದೆ. ರಿದಮ್ ಚೇಂಜಸ್, 220ರ ವೇಗ. ಜಾರ್ಜ್ ಗೆರ್ಶ್ವಿನ್ 1930ರ ಸಂಗೀತ ನಾಟಕವೊಂದಕ್ಕೆ ಬರೆದ ಹಾಡಿನ ಕಾರ್ಡ್‌ಗಳಿವು. ಮೂಲದಲ್ಲಿ ಕೊನೆಗೆ ಎರಡು ಬಾರ್ ಜಾಸ್ತಿ ಇತ್ತು, ಜಾಸ್‌ನವರು ಅದನ್ನು ಬಿಟ್ಟು 32 ಬಾರ್ ಮಾಡಿಕೊಂಡರು. ಎ ಭಾಗ ಎರಡು ಸಲ, ಬ್ರಿಡ್ಜ್ ಅನ್ನುವ ಬೇರೆ ನಡುಭಾಗ, ಮತ್ತೆ ಎ. ಕೋರಸ್ ಮುಗಿದು ಮತ್ತೆ ಶುರುವಾದಾಗ ಕೊನೆಯ ಎ, ಮೊದಲ ಎ, ಎರಡನೇ ಎ, ಸಾಲಾಗಿ ಮೂರು ಒಂದೇ ಥರದ್ದು. ಜನ ದಾರಿ ತಪ್ಪುವುದು ಇಲ್ಲಿಯೇ. ಆ ವೇಗದಲ್ಲಿ ಎಂಟು ಬಾರ್ ಒಂಬತ್ತು ಸೆಕೆಂಡ್ ಒಳಗೆ ಮುಗಿದುಹೋಗುತ್ತದೆ.

ಆವತ್ತು ಎ ಭಾಗದಲ್ಲಿ ನನಗೆ ಒಂದು ಹೊಸ ಸಾಲು ಹೊಳೆಯಿತು. ನುಡಿಸಿದೆ, ಚೆನ್ನಾಗಿ ಬಂತು, ಅದರದೇ ಖುಷಿಯಲ್ಲಿ ಇನ್ನೂ ಮೇಲೆ ಹತ್ತಿದೆ. ಇಳಿದು ಬಂದು ಬ್ರಿಡ್ಜ್‌ನ ಡಿ 7 ಮೇಲೆ ಗಟ್ಟಿಯಾಗಿ ಡಿ ಬಡಿದೆ. ಅಲ್ಲಿ ಬ್ರಿಡ್ಜ್ ಇರಲಿಲ್ಲ. ಇನ್ನೂ ಒಂದು ಎ ಬಾಕಿಯಿತ್ತು. ಸ್ಯಾಕ್ಸೊಫೋನ್‌ನವನು ಕಣ್ಣು ತೆರೆದ. ಎಡಗಡೆ ಸರ್ ಪಿಯಾನೊದ ತಗ್ಗಿನಲ್ಲಿ ಬಿ ಫ್ಲ್ಯಾಟ್ ಬಡಿದರು, ಒಂದಲ್ಲ ಎರಡಲ್ಲ, ನಾಲ್ಕು ಸಲ, ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ. ನಾನು ಅಲ್ಲಿಗೆ ಹೋಗಿ ಸೇರಿಕೊಂಡೆ. ಜಾಣತನ ಎಲ್ಲ ಹಾರಿಹೋಗಿತ್ತು. ಬಿ ಫ್ಲ್ಯಾಟ್ ಎ ಫ್ಲ್ಯಾಟ್ ಜಿ ಡಿ ಫ್ಲ್ಯಾಟ್. ಆ ಸೋಮಾರಿ ಸಾಲನ್ನೇ ಹಿಡಿದುಕೊಂಡು, ಡ್ರಮ್ಮರ್ ಎಂಟು ಬಾರಿಗೊಮ್ಮೆ ಹಾಕುವ ಗುರುತಿಗೆ ಕಿವಿಗೊಟ್ಟು ಹೋದೆ. ಅವನು ಮೊದಲಿನಿಂದಲೂ ಹಾಕುತ್ತಲೇ ಇದ್ದ. ನಾನು ಅದನ್ನು ಕೇಳಿಸಿಕೊಂಡದ್ದು ಆವತ್ತೇ ಮೊದಲು.

ಮುಗಿದ ಮೇಲೆ ಯಾರೂ ಬಯ್ಯಲಿಲ್ಲ. ಸಾಮಾನು ಕಟ್ಟುವಾಗ ಸರ್ ಕೇಳಿದ್ದು ಒಂದೇ ಪ್ರಶ್ನೆ. "ಬೇಸ್ ನುಡಿಸ್ತಾ ಒಳಗೊಳಗೇ ಹಾಡಿನ ರಾಗ ಹಾಡ್ಕೋತೀರಾ?" ಇಲ್ಲ ಸರ್ ಅಂದೆ. "ಮತ್ತೆ ಎಲ್ಲಿದ್ದೀನಿ ಅಂತ ಹೇಗೆ ಗೊತ್ತಾಗುತ್ತೆ?" ಎಣಿಸ್ತೀನಿ ಅಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ಈಗ ಹಾಡಿಕೊಳ್ಳುತ್ತೇನೆ. ರಾಗ ಒಳಗೆ ಓಡುತ್ತಿದ್ದರೆ ಮೂರು ಎಗಳಲ್ಲಿ ಯಾವುದು ಅಂತ ಎಣಿಸುವ ಅಗತ್ಯ ಬೀಳಲ್ಲ. ಆದರೆ ಅದು ಹೊಸ ಸಾಲು ಹುಡುಕೋಕೆ ತಲೆಯಲ್ಲಿ ಜಾಗ ಬಿಡುವುದಿಲ್ಲ. ಎರಡರಲ್ಲಿ ಒಂದು.

ಕಳೆದ ವಾರ ಮತ್ತೆ ಎಫ್ ಬ್ಲೂಸ್ ರೆಕಾರ್ಡ್ ಮಾಡಿದೆವು, ಫೋನು ಅದೇ ಜಾಗದಲ್ಲಿ. ಹದಿನಾಲ್ಕು ಕೋರಸ್ ಆಯಿತು. ಒಂಬತ್ತನೇ ಬಾರ್‌ನಲ್ಲಿ ಜಿ ಮೈನರ್ ಬರುತ್ತದಲ್ಲ, ಅಲ್ಲಿ ನಾನು ಜಿ ಎ ಬಿ ಫ್ಲ್ಯಾಟ್ ಬಿ ಅಂತ ಹತ್ತಿ ಮುಂದಿನ ಬಾರ್‌ನ ಸಿಗೆ ಸೇರುತ್ತೇನೆ. ಕೇಳುತ್ತಾ ಎಣಿಸಿದೆ. ಹದಿನಾಲ್ಕರಲ್ಲಿ ಹನ್ನೊಂದು ಸಲ ಅದೇ. ಎದೆಯಲ್ಲಿ ಹಳೇ ಮುಜುಗರ ಒಮ್ಮೆ ಚುಳಕ್ ಅಂದದ್ದು ನಿಜ. ಎಂಟನೇ ಬಾರ್‌ನ ಡಿ 7 ಇನ್ನೂ ತೊಡಕಾಗಿದೆ, ಎರಡು ಕಡೆ ಬೆರಳು ಬೇಗ ಎದ್ದಿದೆ. ಎಂಟನೇ ಕೋರಸ್‌ನಲ್ಲಿ, ಅದೇ ಒಂಬತ್ತನೇ ಬಾರ್ ಹತ್ತಿರ, ಡ್ರಮ್ಮರ್ "ಹಾಂ!" ಅನ್ನುವುದು ಕೇಳುತ್ತದೆ. ಸರ್ ಅಲ್ಲಿ ಏನೋ ಚೆನ್ನಾಗಿ ನುಡಿಸಿದ್ದಾರೆ, ಅವರಿಗೇ ಹೇಳಿದ್ದಿರಬೇಕು. ನಾನು ಕೆಳಗೆ ಜಿ ಎ ಬಿ ಫ್ಲ್ಯಾಟ್ ಬಿ.